ಹೋಗಿ ಬರುವಷ್ಟು ಪೆಟ್ರೋಲು

ಹೊಸೂರು
೧೪-೯-೧೯೮೧

ಡೆಂಕಣಿಕೋಟೆಯ ಶ್ಯಾಮಣ್ಣನವರಿಗೆ,

ನಮಸ್ಕಾರ. ನಾನು ಯಾರೆಂದು ನಿಮಗೆ ಗೊತ್ತಿರಲಾರದು. ನೀವು ವಾರಕ್ಕೊಂದು ಕಾಗದ ಬರೆಯುತ್ತೀರಲ್ಲ, ಆ ಹನುಮಯ್ಯನವರ ಹೆಂಡತಿ, ಭಾಗ್ಯಮ್ಮ. ತಮಗೊಬ್ಬಳು ಹೆಂಡತಿ ಇದ್ದಾಳೆ ಎಂದು ಅವರು ನಿಮಗೆ ಬರೆದಿದ್ದಾರೋ ಇಲ್ಲವೋ, ಅದೂ ನನಗೆ ತಿಳಿಯದು.

ನೇರವಾಗಿ ವಿಷಯಕ್ಕೆ ಬರುತ್ತೇನೆ. ನಿಮ್ಮ ಮೇಲೆ ನನಗೆ ಹೊಟ್ಟೆಕಿಚ್ಚು. ನಿಮ್ಮ ಮುಖ ನೋಡಿಲ್ಲ, ದನಿ ಕೇಳಿಲ್ಲ, ಆದರೂ ಹೊಟ್ಟೆಕಿಚ್ಚು.

ಮದುವೆಯಾಗಿ ಒಂದೂವರೆ ವರ್ಷವಾಯಿತು. ನಮ್ಮದು ಮಾಲೂರು ಕಡೆಯ ಟೇಕಲ್. ಇವರಿಗೆ ಇಲ್ಲಿನ ಹೊಸ ಕಾರ್ಖಾನೆಯಲ್ಲಿ ಲೇತ್ ಕೆಲಸ ಎಂದು ನನ್ನನ್ನು ಇಲ್ಲಿಗೆ ಕರೆತಂದರು. ಬೆಳಿಗ್ಗೆ ಹೋದವರು ಸಂಜೆ ಬರುತ್ತಾರೆ. ಕಾಫಿ ಬೇಕಾ ಎಂದರೆ "ಹೂಂ." ಮುದ್ದೆ ಹಾಕಲಾ ಎಂದರೆ "ಹಾಕು." ಇವತ್ತು ಏನು ಕೆಲಸ ಎಂದರೆ "ದಿನಾ ಇರೋದೇ." ಒಂದು ದಿನಕ್ಕೆ ನನ್ನ ಪಾಲಿಗೆ ಬರುವ ಮಾತು ಇಷ್ಟೇ. ಕುಡಿತವಿಲ್ಲ, ಹೊಡೆತವಿಲ್ಲ, ಬೈಗುಳವೂ ಇಲ್ಲ. ಬೈದಿದ್ದರೆ ಮಾತಾದರೂ ಆಗುತ್ತಿತ್ತು.

ನಿಮ್ಮ ಕಾಗದ ಬಂದ ದಿನ ಇದೇ ಮನುಷ್ಯ ಬೇರೆಯಾಗುತ್ತಾರೆ. ಬೂಟು ಬಿಚ್ಚದೆ ಹೊಸಿಲ ಮೇಲೆ ಕೂತು ಓದುತ್ತಾರೆ. ತಾವೇ ನಗುತ್ತಾರೆ. "ಎಲಾ ಮುದುಕಾ, ಹಿಂಗ್ ಬಂದ್ಯಾ!" ಎಂದು ತೊಡೆ ತಟ್ಟುತ್ತಾರೆ. ಆಮೇಲೆ ಕೂತು ಎಂಟು ಪುಟ ಬರೆಯುತ್ತಾರೆ. ಎಂಟು ಪುಟ! ಆ ಮಾತೆಲ್ಲ ಅವರ ಹೊಟ್ಟೆಯೊಳಗೆ ಎಲ್ಲಿತ್ತು, ನನಗೆ ಯಾಕೆ ಒಂದು ಸಾಲೂ ಸಿಗುವುದಿಲ್ಲ?

ನಿಮ್ಮಿಬ್ಬರ ಸ್ನೇಹ ಹೇಗೆ ಶುರುವಾಯಿತೆಂದು ಒಮ್ಮೆ ಕೇಳಿ ತಿಳಿದುಕೊಂಡಿದ್ದೇನೆ. ಬೆಂಗಳೂರಿನ ಯಾವುದೋ ಮಾಸಪತ್ರಿಕೆಯಲ್ಲಿ ಓದುಗರ ಪ್ರಶ್ನೆ ಬಂದಿತ್ತಂತೆ: ಲಡಾಯಿ ಕಾಲದಲ್ಲಿ ಜರ್ಮನಿಯವರು ಅಮೆರಿಕದ ಮೇಲೆ ಬಾಂಬು ಹಾಕಬಹುದಿತ್ತೇ? ಹಾಕಬಹುದಿತ್ತು ಎಂದು ನೀವು, ಆಗುತ್ತಿರಲಿಲ್ಲ ಎಂದು ಇವರು. ಪತ್ರಿಕೆಯವರು ಸಾಕು ಮಾಡಿ ಎಂದ ಮೇಲೆ ನೇರವಾಗಿ ಒಬ್ಬರಿಗೊಬ್ಬರು ಬರೆಯಲು ಹಿಡಿದಿರಿ. ಲಡಾಯಿ ಮುಗಿದು ಎಷ್ಟು ಕಾಲವಾಯಿತು ಸ್ವಾಮಿ! ಯಾರೂ ಹಾಕದ ಬಾಂಬು ಬಂದು ನನ್ನ ಮನೆಯ ಮೇಲೆ ಬೀಳಬೇಕೇ?

ನೀವು ಹೆಂಗಸಾಗಿದ್ದರೆ ನಾನು ಜಗಳವಾಡುತ್ತಿದ್ದೆ, ನಾಲ್ಕು ಜನ ನನ್ನ ಪರ ನಿಲ್ಲುತ್ತಿದ್ದರು. ಪಕ್ಕದ ಮನೆ ಮುನಿಗಂಗಮ್ಮನಿಗೆ ಹೇಳಿಕೊಂಡರೆ "ಮುದುಕನ್ನ ಕಂಡು ಯಾರಾನಾ ಉರ್ಕೊಂತಾರೇನೇ?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಉರಿದುಕೊಳ್ಳುತ್ತೇನೆ. ಅದರಲ್ಲಿ ನನಗೆ ನಾಚಿಕೆಯಿಲ್ಲ.

ಶನಿವಾರ ನಿಮ್ಮ ಕಾಗದ ಬಂತು. "ಅಮ್ಮಾ, ಸಾರುಕ್ಕು ಲೆಟರ್" ಎಂದು ತಮಿಳು ಪೋಸ್ಟ್‌ಮ್ಯಾನ್ ನನ್ನ ಕೈಗೇ ಕೊಟ್ಟ. ಅದನ್ನು ರಾಗಿಹಿಟ್ಟಿನ ಡಬ್ಬಿಯಲ್ಲಿ ಹೂತಿಟ್ಟಿದ್ದೇನೆ. ಇವರು ಪೋಸ್ಟ್‌ಮ್ಯಾನನ ದಾರಿ ನೋಡುತ್ತಿದ್ದಾರೆ. ನನ್ನ ದಾರಿಯನ್ನು ಯಾವತ್ತೂ ಹಾಗೆ ನೋಡಿದವರಲ್ಲ.

ನಾನೀಗ ಬಸುರಿ. ದೀಪಾವಳಿ ಕಳೆದ ಮೇಲೆ ನಮ್ಮಪ್ಪ ಬಂದು ಹೆರಿಗೆಗೆ ಕರೆದುಕೊಂಡು ಹೋಗುತ್ತಾರೆ. ಅಲ್ಲಿಯವರೆಗೆ ಇವರಿಗೆ ಬರೆಯಬೇಡಿ. ನಿಮ್ಮ ಕಾಗದ ನಿಂತರೆ ಆ ಮಾತೆಲ್ಲ ನನ್ನ ಕಡೆ ಹರಿಯಬಹುದೆಂದು ಆಸೆ. ನಾನು ಹೋದ ಮೇಲೆ ಬೇಕಾದಷ್ಟು ಬರೆದುಕೊಳ್ಳಿ. ಉತ್ತರ ಕೊಡುವುದಾದರೆ ನನ್ನ ಹೆಸರಿಗೆ ಕೊಡಿ.

ಇತಿ,
ಹನುಮಯ್ಯನವರ ಹೆಂಡತಿ
ಭಾಗ್ಯಮ್ಮ


ಡೆಂಕಣಿಕೋಟೆ
೨೧-೯-೧೯೮೧

ಚಿ. ಸೌ. ಭಾಗ್ಯಮ್ಮನಿಗೆ ಶ್ಯಾಮಣ್ಣ ಮಾಡುವ ಆಶೀರ್ವಾದಗಳು.

ನನಗೆ ಅರವತ್ತೆರಡು ವರ್ಷ. ಇಷ್ಟು ವರ್ಷದಲ್ಲಿ ನನ್ನನ್ನು ಕಂಡು ಹೊಟ್ಟೆಕಿಚ್ಚು ಪಟ್ಟವರು ನೀನೊಬ್ಬಳೇ, ತಾಯಿ. ನಿನ್ನ ಕಾಗದವನ್ನು ನನ್ನ ಹೆಂಡತಿ ಪಿಳ್ಳಮ್ಮನಿಗೆ ಓದಿ ಹೇಳಿದೆ. ಎರಡನೇ ಸಲ ನನ್ನ ಸಂತೋಷಕ್ಕೆಂದೇ ಓದಿದೆ. ಅವಳು ಅವರೆಕಾಯಿ ಸುಲಿಯುತ್ತಾ ಹೇಳಿದಳು: "ಆ ಹೆಣ್ಮಗಳು ಹೇಳಾದ್ರಾಗೆ ತಪ್ಪೇನೈತೆ? ಗಂಡ ಮಾತಾಡ್ದಿದ್ರೆ ಗ್ವಾಡೆ ಜೊತೆ ಮಾತಾಡ್ತಾಳಾ? ನಾನೂ ಈ ನಿನ್ನ ಇಮಾನ ಹೊತ್ಕೊಂಡು ಏಗ್ಲಿಲ್ವಾ?" ಅಂದರೆ ಈ ಮನೆಯಲ್ಲೂ ತೀರ್ಪು ನಿನ್ನ ಕಡೆಯೇ ಆಯಿತು.

ಆದರೂ ನನ್ನ ಮಾತನ್ನು ಸ್ವಲ್ಪ ಕೇಳು. ಲಡಾಯಿ ಕಾಲದಲ್ಲಿ ನಾನು ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ರಿಪೇರಿ ಕೆಲಸಕ್ಕಿದ್ದೆ. ಅಮೆರಿಕದವರ ವಿಮಾನಗಳು ಅಲ್ಲಿಗೆ ಬರುತ್ತಿದ್ದವು, ಅವರ ಸಿಪಾಯಿಗಳೂ ಬರುತ್ತಿದ್ದರು. ನಮಗೆ ರೇಷನ್ನು, ಅವರಿಗೆ ಡಬ್ಬಿಯಲ್ಲಿ ಹಣ್ಣು. ಜಪಾನಿನವರು ಬರುತ್ತಾರೆಂದು ಮದರಾಸಿನ ಜನ ಗಂಟುಮೂಟೆ ಕಟ್ಟಿಕೊಂಡು ಓಡಿದ ಕಾಲ ಅದು. ಆ ಸಿಪಾಯಿಗಳಲ್ಲೊಬ್ಬ, ಕೆಂಪು ಕೂದಲಿನವನು, ರೆಕ್ಕೆಯ ನೆರಳಲ್ಲಿ ಮಲಗಿಕೊಂಡು ಹೇಳುತ್ತಿದ್ದ: ನಮ್ಮ ಊರಿಗೆ ಯಾರೂ ಬಾಂಬು ಹಾಕಲಾರರು, ನಡುವೆ ಅಷ್ಟು ದೊಡ್ಡ ಸಮುದ್ರವಿದೆ. ಅವನ ತಾಯಿ ಬಾಂಬಿನ ಭಯವಿಲ್ಲದೆ ರಾತ್ರಿಯೆಲ್ಲ ದೀಪ ಉರಿಸಿಕೊಂಡು ಕೂತಿರುತ್ತಾಳೆಂದು ನಗುತ್ತಿದ್ದ. ನಿಜ ಹೇಳುತ್ತೇನೆ, ನನಗೆ ಅವನ ಮೇಲೆ ಬಂದ ಹೊಟ್ಟೆಕಿಚ್ಚು ಇನ್ನೂ ಆರಿಲ್ಲ. ಜರ್ಮನಿಯವರ ಮೇಲೆ ನನಗೇನೂ ಪ್ರೀತಿಯಿಲ್ಲ. ಅವರು ಗೆದ್ದಿದ್ದರೆ ನಮ್ಮ ಗತಿ ಏನಾಗುತ್ತಿತ್ತೋ! ಆದರೆ ಯಾರಿಗೂ ಅಷ್ಟೊಂದು ನಿಶ್ಚಿಂತೆ ಇರಬಾರದು, ಅಷ್ಟೇ.

ನಿನ್ನ ಗಂಡ ಹೇಳುವುದೇನೆಂದರೆ, ಫ್ರಾನ್ಸಿನ ದಂಡೆಯಿಂದ ನ್ಯೂಯಾರ್ಕಿಗೆ ಹೋಗಿ ಬರುವಷ್ಟು ಪೆಟ್ರೋಲು ತುಂಬಿದರೆ ವಿಮಾನ ನೆಲ ಬಿಟ್ಟು ಏಳುವುದಿಲ್ಲ. ಏಳುವಷ್ಟು ತುಂಬಿದರೆ ಹಿಂದಿರುಗುವುದಿಲ್ಲ. ಹಿಂದಿರುಗುವಂತೆ ಮಾಡಿದರೆ ಬಾಂಬಿಗೆ ಜಾಗವಿಲ್ಲ. ಜಾಣ ಹುಡುಗ. ಜರ್ಮನಿಯವರು ಅದಕ್ಕೆಂದೇ ನಾಲ್ಕು ಇಂಜಿನ್ನಿನ ದೊಡ್ಡ ವಿಮಾನ ಕಟ್ಟಿದ್ದರು, ಆರು ಇಂಜಿನ್ನಿನದನ್ನೂ ಕಟ್ಟಿದ್ದರು. ಅದು ನ್ಯೂಯಾರ್ಕಿನ ಹತ್ತಿರದವರೆಗೂ ಹೋಗಿ ಬಂತು ಎಂದು ಕೆಲವರು ಬರೆದಿದ್ದಾರೆ, ಕಂಡವರು ಯಾರೂ ಇಲ್ಲ. ಆ ಕತೆಯನ್ನು ನಾನೂ ನಂಬುವುದಿಲ್ಲ. ನಾನು ಹೇಳುವುದು ಬೇರೆ: ಹಿಂದಿರುಗಲೇಬೇಕೆಂಬ ಹಟ ಯಾಕೆ?

ನಮ್ಮ ಹೊಲಕ್ಕೆ ಆನೆ ಬರುತ್ತದೆ. ರಾಗಿ ತೆನೆ ಕಟ್ಟಿದ ಮೇಲೆ ಅಟ್ಟಣೆ ಹಾಕಿ ಕಾಯುತ್ತೇವೆ. ಬೆಳಗಾಗುವುದರೊಳಗೆ ಕಾಡಿಗೆ ತಿರುಗಿಹೋಗುವಷ್ಟು ದೂರ ಮಾತ್ರ ಅದು ಬರುತ್ತದೆ. ಆದರೆ ಒಂದೊಂದು ಒಂಟಿ ಸಲಗ ಲೆಕ್ಕ ಮೀರಿ ಉದ್ದನಪಲ್ಲಿಯ ಕಡೆವರೆಗೂ ಹೋಗಿಬಿಡುತ್ತದೆ. ಯಾಕೆಂದರೆ ಮುಂದೆ ಇನ್ನೊಂದು ತುಣುಕು ಕಾಡಿದೆ ಎಂದು ಅದಕ್ಕೆ ಗೊತ್ತು. ಡಬ್ಬಿಯಲ್ಲಿರುವ ನನ್ನ ಕಾಗದದಲ್ಲಿ ಬರೆದಿರುವುದು ಇದನ್ನೇ. ದಯವಿಟ್ಟು ಅದನ್ನು ಅವನಿಗೆ ಕೊಡು.

ಕಾಗದ ನಿಲ್ಲಿಸುವುದು ನನ್ನಿಂದಾಗದು. ಈ ಊರಲ್ಲಿ ನನ್ನ ಮಾತು ಕೇಳುವವರು ಯಾರೂ ಉಳಿದಿಲ್ಲ. ಬೇಕಾದರೆ ವಾರಕ್ಕೊಂದರ ಬದಲು ತಿಂಗಳಿಗೆರಡು ಮಾಡುತ್ತೇನೆ. ಇದಕ್ಕಿಂತ ಚೌಕಾಸಿ ಬೇಡ.

ನಿನ್ನ ಹಿತ ಬಯಸುವ,
ಶ್ಯಾಮಣ್ಣ


ಟೇಕಲ್
೧೫-೧೧-೧೯೮೧

ಶ್ಯಾಮಣ್ಣನವರಿಗೆ ನಮಸ್ಕಾರ.

ನಿಮ್ಮ ಉತ್ತರ ಬಂದ ದಿನವೇ ಆ ಕಾಗದವನ್ನು ಡಬ್ಬಿಯಿಂದ ತೆಗೆದುಕೊಟ್ಟೆ. ಅದರ ಮಡಿಕೆಯಲ್ಲೆಲ್ಲ ರಾಗಿಹಿಟ್ಟು. ಅವರು ಹಿಟ್ಟು ಕೊಡವಿದರು, ನನ್ನ ಮುಖ ನೋಡಿದರು, ಏನೂ ಕೇಳಲಿಲ್ಲ. ಯಾಕೆ ಬಚ್ಚಿಟ್ಟೆ ಎಂದು ಕೇಳಿದ್ದರೆ ಒಂದು ಜಗಳವಾದರೂ ಆಗುತ್ತಿತ್ತು, ಜಗಳದಲ್ಲಿ ನಾನು ಎಲ್ಲವನ್ನೂ ಹೇಳಿಬಿಡುತ್ತಿದ್ದೆ.

ಕೊಡುವ ಮೊದಲು ನಾನೂ ಓದಿದೆ. ನೀವು ಎಂಥ ಮನುಷ್ಯರು! ಬಾಂಬು ಹಾಕಿ, ವಿಮಾನವನ್ನು ಸಮುದ್ರಕ್ಕೆ ಇಳಿಸಿ, ರಬ್ಬರಿನ ದೋಣಿಯಲ್ಲಿ ಕೂತು, ಸಬ್‌ಮೆರಿನ್ನು ಬಂದು ಎತ್ತಿಕೊಳ್ಳಲಿ ಎಂದು ಕಾಯಬೇಕಂತೆ. ಬರದಿದ್ದರೆ? ಅದನ್ನು ನೀವು ಬರೆದೇ ಇಲ್ಲ. ಆ ವಿಮಾನದಲ್ಲಿ ಕೂತವರಿಗೂ ಮನೆಯಲ್ಲೊಬ್ಬಳು ಇರುತ್ತಾಳಲ್ಲ. ನಮ್ಮ ಕಡೆ ಸಂತೆಗೆ ಹೊರಟವರೂ "ಹೋಗಿ ಬತ್ತೀನಿ" ಎಂದೇ ಹೇಳುವುದು. ಬರಿಯ "ಹೋಗ್ತೀನಿ" ಎಂದರೆ ಹೆಂಗಸರು ಬಾಯಿ ಮುಚ್ಚಿಸುತ್ತಾರೆ. ನೀವು ಒಂದು ವಿಮಾನ ತುಂಬ ಜನರನ್ನು ಹಾಗೆ ಕಳಿಸಿಬಿಟ್ಟಿರಿ.

ಇನ್ನೊಂದು ಅರ್ಥವಾಗಲಿಲ್ಲ. ಅಷ್ಟು ಕಷ್ಟಪಟ್ಟು ಹೋಗಿ ಹಾಕುವುದು ಒಂದೆರಡು ಬಾಂಬು. ಅದರಿಂದ ಊರೇನೂ ಹಾಳಾಗದಿದ್ದರೂ ಅಮೆರಿಕದವರು ಹೆದರಿ ತಮ್ಮ ಫಿರಂಗಿ, ವಿಮಾನಗಳನ್ನೆಲ್ಲ ಮನೆಯಲ್ಲೇ ಇಟ್ಟುಕೊಳ್ಳುತ್ತಿದ್ದರು, ಅದೇ ಲಾಭ ಎಂದಿದ್ದೀರಿ. ಎದುರಿನವರ ನೆಮ್ಮದಿ ಕೆಡಿಸಲು ಅಷ್ಟು ದೂರ ಹಾರಬೇಕೇ? ಸುಮ್ಮನೆ ಕೂತರೆ ಸಾಕು. ಹೇಗೆಂದು ನಿಮ್ಮ ಸ್ನೇಹಿತರನ್ನು ಕೇಳಿ.

ನಾನೂ ಆ ಮಾತಿಗೆ ಸೇರೋಣವೆಂದು ಒಂದು ಸಂಜೆ ಪ್ರಯತ್ನ ಮಾಡಿದೆ. ಮುದ್ದೆ ಬಡಿಸುತ್ತಾ ಕೇಳಿದೆ.

"ಡೆಂಕಣಿಕೋಟೆಯವ್ರು ಏನಂತಾರೆ?"

"ಏನೋ ಬರ್ದವ್ರೆ."

"ಅದೇ ಏನು? ವಾಪಸ್ ಬರಾದೇ ಬ್ಯಾಡ ಅಂತಾರಾ?"

ಕೈ ತಟ್ಟೆಯಲ್ಲೇ ನಿಂತಿತು. ನನ್ನನ್ನು ಹೊಸದಾಗಿ ಕಂಡವರ ಹಾಗೆ ನೋಡಿದರು. ಈಗ ಹೇಳುತ್ತಾರೆ, ಈಗ ಶುರು ಮಾಡುತ್ತಾರೆ ಎಂದು ನಾನು ಸಾರಿನ ಸೌಟು ಹಿಡಿದು ನಿಂತೆ. "ನಿಂಗ್ಯಾಕೆ ಬಿಡು ಅವೆಲ್ಲ, ಬಸುರಿ" ಎಂದು ಸಾರು ಕಲೆಸಿಕೊಂಡರು. ಊಟವಾದ ಮೇಲೆ ನಿಮಗೆ ಬರೆಯಲು ಕೂತರು. ಪೆನ್ನು ಕಾಗದದ ಮೇಲೆ ಓಡುವ ಸದ್ದು ಕೇಳುತ್ತಾ ನಾನು ಗೋಡೆಯ ಕಡೆ ತಿರುಗಿ ಮಲಗಿದೆ. ಆ ಪೆನ್ನಿನ ಮೇಲೂ ನನಗೆ ಹೊಟ್ಟೆಕಿಚ್ಚು.

ದೀಪಾವಳಿಯ ಮರುವಾರ ಅಪ್ಪ ಬಂದರು. ಹೊಸೂರಿನ ಬಸ್ ಸ್ಟ್ಯಾಂಡಿನಲ್ಲಿ ಇವರು ನನ್ನ ಚೀಲ ಮೇಲೆ ಇಟ್ಟುಕೊಟ್ಟು, ಕಿಟಕಿಯ ಹತ್ತಿರ ನಿಂತು, ನಮ್ಮಪ್ಪನ ಜೊತೆ ಮಾಲೂರು ರಸ್ತೆಯ ಗುಂಡಿಗಳ ಬಗ್ಗೆ ಮಾತಾಡಿದರು. ನನಗೆ "ಹುಷಾರು" ಎಂದರು. ಬಸ್ಸು ಹೊರಟಾಗ ನಾನು ಬೇಕೆಂದೇ "ಹೋಗ್ತೀನಿ" ಎಂದೆ. ಅಪ್ಪ ಬೆಚ್ಚಿ ನನ್ನ ಕಡೆ ತಿರುಗಿದರು. ಇವರಿಗೆ ಕೇಳಿಸಿತೋ ಇಲ್ಲವೋ, ಕೈ ಎತ್ತಿಕೊಂಡು ಹಾಗೇ ನಿಂತಿದ್ದರು.

ಇದೆಲ್ಲ ನಿಮಗೆ ಯಾಕೆ ಬರೆಯುತ್ತಿದ್ದೇನೋ ಗೊತ್ತಿಲ್ಲ. ಇನ್ನು ನಿಮಗೆ ಅಡ್ಡಿಯಿಲ್ಲ. ತಿಂಗಳಿಗೆರಡು ಬೇಡ, ದಿನಕ್ಕೆರಡು ಬರೆಯಿರಿ.

ಇತಿ,
ಭಾಗ್ಯಮ್ಮ


ಡೆಂಕಣಿಕೋಟೆ
೧೦-೧-೧೯೮೨

ಚಿ. ಸೌ. ಭಾಗ್ಯಮ್ಮನಿಗೆ ಆಶೀರ್ವಾದಗಳು.

ಹೆಣ್ಣು ಮಗು, ತಾಯಿ ಮಗು ಇಬ್ಬರೂ ಕ್ಷೇಮ ಎಂದು ಹನುಮಯ್ಯನ ಕಾಗದದಿಂದ ತಿಳಿಯಿತು. ಪಿಳ್ಳಮ್ಮ ದೃಷ್ಟಿ ತೆಗೆದು ಹಾಕಲು ಹೇಳಿದ್ದಾಳೆ. ಬಾಣಂತಿಗೆಂದು ಮೆಂತ್ಯದ ಹಿಟ್ಟು ಮಾಡಿದ್ದಾಳೆ, ಆ ಕಡೆ ಹೋಗುವವರು ಸಿಕ್ಕರೆ ಕಳಿಸುತ್ತೇನೆ.

ನಿನ್ನ ಮೇಲೆ ನನಗೊಂದು ದೂರಿದೆ. ನಿನ್ನ ಗಂಡ ಕೆಟ್ಟ. ನವೆಂಬರಿನಿಂದ ಅವನ ಕಾಗದದಲ್ಲಿ ಲೆಕ್ಕವೇ ಇಲ್ಲ. ನಾನು ಅಟ್ಲಾಂಟಿಕ್ ನಡುವಿನ ಅಜೋರ್ಸ್ ದ್ವೀಪಗಳ ವಿಷಯ ಎತ್ತಿದೆ. ಜರ್ಮನಿಯವರ ಕೈಗೆ ಅವು ಸಿಕ್ಕಿದ್ದರೆ ಅಲ್ಲಿ ಇಳಿದು ಪೆಟ್ರೋಲು ತುಂಬಿಕೊಳ್ಳಬಹುದಿತ್ತಲ್ಲ? ಬಲವಾದ ಪ್ರಶ್ನೆ, ಎರಡು ವರ್ಷದಿಂದ ಇಟ್ಟುಕೊಂಡಿದ್ದೆ. ಅದಕ್ಕೆ ಅವನ ಉತ್ತರ ಏನು ಗೊತ್ತೇ? "ಇರಬಹುದು." ಅಷ್ಟೇ! ಆಮೇಲೆ ನಾಲ್ಕು ಪುಟ ನಿನ್ನ ವಿಷಯ. ನೀನು ಒಗ್ಗರಣೆಗೆ ಬೆಳ್ಳುಳ್ಳಿ ಜಜ್ಜುವಾಗ ಏನೋ ಗುನುಗುತ್ತೀಯಂತೆ, ಈಗ ಮನೆಯಲ್ಲಿ ಆ ಸದ್ದಿಲ್ಲವಂತೆ. ನೀನು ಬಾಗಿಲ ಹಿಂದೆ ಬಿಟ್ಟುಹೋದ ಹಳೇ ಚಪ್ಪಲಿಯನ್ನು ಅವನು ಸರಿಸಿಲ್ಲವಂತೆ. ಪಕ್ಕದ ಮುನಿಗಂಗಮ್ಮ ಸಾರು ಕೊಟ್ಟರೆ ಅದರಲ್ಲಿ ಹುಳಿ ಹೆಚ್ಚಂತೆ, ನಿನ್ನ ಕೈಯಲ್ಲಿ ಸರಿಯಾಗಿರುತ್ತಿತ್ತಂತೆ. ಇದನ್ನೆಲ್ಲ ಕಟ್ಟಿಕೊಂಡು ನಾನೇನು ಮಾಡಲಿ?

ನಾನೂ ಈಗ ನಿನ್ನ ದಾರಿಗೇ ಬಂದಿದ್ದೇನೆ. ನನಗೆ ಹೊಟ್ಟೆಕಿಚ್ಚು. ಇದ್ದೊಬ್ಬ ಜೊತೆಗಾರನನ್ನು ನೀನು ಟೇಕಲ್‌ನಲ್ಲಿ ಕೂತುಕೊಂಡೇ ಕಿತ್ತುಕೊಂಡೆ.

ಇಂತಿ,
ಶ್ಯಾಮಣ್ಣ


ಟೇಕಲ್
೨೩-೧-೧೯೮೨

ಶ್ಯಾಮಣ್ಣನವರಿಗೆ,

ಬೆಳ್ಳುಳ್ಳಿ ಜಜ್ಜುವಾಗ ನಾನು ಗುನುಗುತ್ತೇನೆಂದು ನನಗೇ ಗೊತ್ತಿರಲಿಲ್ಲ. ನಿಮಗೆ ಗೊತ್ತು!

ನಿಮ್ಮ ಕಾಗದ ಓದಿ ಮೊದಲು ಅಳು ಬಂತು, ಆಮೇಲೆ ಮೈಯೆಲ್ಲ ಉರಿದುಹೋಯಿತು. ವಿಮಾನದ ಮಾತು ನಿಮಗಿರಲಿ ಎಂದು ನಾನು ಬಿಟ್ಟುಕೊಟ್ಟು ಬಂದೆ. ಈಗ ನನ್ನ ಮಾತೂ ನಿಮಗೇ ಹೋಯಿತೇ? ನನ್ನ ಬೆಳ್ಳುಳ್ಳಿ, ನನ್ನ ಚಪ್ಪಲಿ, ನನ್ನ ಸಾರು, ಎಲ್ಲವೂ ಡೆಂಕಣಿಕೋಟೆಗೆ ಅಂಚೆಯಲ್ಲಿ ಹೋಗುತ್ತಿದೆ. ನನಗೆ ಬಂದದ್ದು ಒಂದು ಕಾರ್ಡು. ಅಪ್ಪ ಅದನ್ನು ಜಗಲಿಯಲ್ಲಿ ನಿಂತು ಗಟ್ಟಿಯಾಗಿ ಓದಿದರು: "ನಾನು ಕ್ಷೇಮ. ಮಗು ಹುಷಾರು. ಚಳಿ ಇದೆ." ಅಪ್ಪ ಕಾರ್ಡನ್ನು ಮಗುಚಿ ನೋಡಿದರು, ಹಿಂದೆ ಇನ್ನೇನಾದರೂ ಇದೆಯೇನೋ ಎಂದು. ವಿಳಾಸ ಇತ್ತು. ನಮ್ಮಮ್ಮ, ಅತ್ತಿಗೆ ಎಲ್ಲರೂ ನನ್ನ ಮುಖ ನೋಡಿದರು. ನಾನು ಮಗುವಿಗೆ ಹಾಲು ಕೊಡುವ ನೆಪದಲ್ಲಿ ಒಳಗೆ ಹೋದೆ.

ನಾನು ಅವರ ಮನಸ್ಸಿನಲ್ಲಿಲ್ಲ ಎಂದುಕೊಂಡಿದ್ದಾಗ ಒಂದು ಥರ ಧೈರ್ಯವಿತ್ತು. ಇದ್ದೇನೆ, ಆದರೆ ನನಗೆ ಮಾತ್ರ ಅದನ್ನು ಹೇಳುವುದಿಲ್ಲ ಎಂದರೆ ಹೇಗೆ ತಡೆದುಕೊಳ್ಳಲಿ?

ಆದ್ದರಿಂದ ತೀರ್ಮಾನ ಮಾಡಿದ್ದೇನೆ. ಐದನೇ ತಿಂಗಳಲ್ಲಿ ಬಾಣಂತಿಯನ್ನು ಕರೆದುಕೊಂಡು ಹೋಗಲು ಗಂಡನ ಮನೆಯ ಹಿರಿಯರು ಬರಬೇಕು, ತಾಂಬೂಲ ಕೊಟ್ಟು ಕರೆಯಬೇಕು, ಇದು ನಮ್ಮ ಕಡೆಯ ಪದ್ಧತಿ. ಗಂಡ ತಾನೇ ಬಂದು ನಿಂತರೆ "ಅಯ್ಯೋ, ತಡ್ಕೊಳ್ಳಾಕ್ ಆಗ್ಲಿಲ್ವೇನಪ್ಪಾ" ಎಂದು ಇಡೀ ಬೀದಿ ನಗುತ್ತದೆ. ಇವರಿಗೆ ತಂದೆತಾಯಿ ಇಲ್ಲ, ಸೋದರಮಾವನ ಮನೆಯವರ ಜೊತೆ ಮಾತಿಲ್ಲ. ಹಾಗಾದರೆ ಯಾರನ್ನು ಕಳಿಸುತ್ತಾರೆ? ನಿಮ್ಮನ್ನೇ. ನೀವು ಎಲೆ ಅಡಿಕೆ ಹಿಡಿದುಕೊಂಡು ನಮ್ಮ ಜಗಲಿಗೆ ಬಂದರೆ ಕಾಲಿಗೆ ನೀರು ಕೊಡುತ್ತೇನೆ, ಊಟಕ್ಕೆ ಹಾಕುತ್ತೇನೆ, ಆದರೆ ಹೊರಡುವುದಿಲ್ಲ. ಅವರ ಮಾತನ್ನು ನಿಮ್ಮ ಬಾಯಿಂದ ಕೇಳಿ ಕೇಳಿ ಸಾಕಾಗಿದೆ. ಕಾಡಿನಿಂದ ಬಂದ ನಿಮ್ಮ ಆ ಒಂಟಿ ಸಲಗದ ಹಾಗೆ ನಾನೂ ಮುಂದಿನ ತುಣುಕು ಕಾಡಿನಲ್ಲೇ ಉಳಿದೆನೆಂದು ತಿಳಿದುಕೊಳ್ಳಿ.

ಈ ಮಾತನ್ನು ಅವರಿಗೆ ಹೇಳಬೇಡಿ. ಹೇಳಿದ ಮೇಲೆ ಅವರೇ ಬಂದರೆ ಅದಕ್ಕೆ ಬೆಲೆಯಿಲ್ಲ.

ಇತಿ,
ಭಾಗ್ಯಮ್ಮ


ಡೆಂಕಣಿಕೋಟೆ
೪-೪-೧೯೮೨

ಚಿ. ಸೌ. ಭಾಗ್ಯಮ್ಮನಿಗೆ ಆಶೀರ್ವಾದಗಳು.

ಇಷ್ಟು ದಿನ ಬರೆಯಲಿಲ್ಲ. ಹೇಳಬೇಡ ಎಂದದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡು ಬರೆಯುವುದು ನನಗೆ ಬಾರದು.

ಕಳೆದ ಭಾನುವಾರ ಹನುಮಯ್ಯ ನಮ್ಮ ಮನೆಗೆ ಬಂದಿದ್ದ. ಮೂರು ವರ್ಷದಿಂದ ಕಾಗದ ಬರೆಯುತ್ತಿದ್ದರೂ ನಾನು ಅವನ ಮುಖ ನೋಡಿದ್ದು ಅದೇ ಮೊದಲು. ಕೈಯಲ್ಲಿ ಬಾಳೆಹಣ್ಣು, ವೀಳ್ಯದೆಲೆಯ ಕಟ್ಟು. ಪಿಳ್ಳಮ್ಮ ಕೊಟ್ಟ ಮಜ್ಜಿಗೆಯ ಲೋಟ ಹಿಡಿದುಕೊಂಡು ಎಷ್ಟೋ ಹೊತ್ತು ಸುಮ್ಮನೆ ಕೂತ. ಎಂಟು ಪುಟ ಬರೆಯುವವನು ಇವನೇನಾ ಎಂದು ನನಗೆ ಆಶ್ಚರ್ಯವಾಯಿತು. ನೀನು ಹೇಳಿದ್ದು ನಿಜ ತಾಯಿ, ಎದುರಿಗೆ ಕೂತರೆ ಅವನಿಂದ ಮಾತು ತೆಗೆಯುವುದಕ್ಕಿಂತ ಕಲ್ಲಿನಿಂದ ನೀರು ತೆಗೆಯುವುದು ಸುಲಭ. ಕೊನೆಗೆ ಹೇಳಿದ:

"ಟೇಕಲ್‌ಗೆ ನೀವು ಹಿರೇರಾಗಿ ಬಂದು ಕರೀಬೇಕು. ನಂಗೆ ಇನ್ಯಾರವ್ರೆ?"

ಆದರೂ ಒಲ್ಲೆ ಎಂದೆ. ಯಾಕೆ ಎಂದ. ಏನೇನೋ ಹೇಳಿದೆ, ಮೊಣಕಾಲು ನೋವು, ಆನೆ ಕಾಟ. ಅವನು ನಂಬಲಿಲ್ಲ. ಅಷ್ಟರಲ್ಲಿ ಪಿಳ್ಳಮ್ಮ ಒಳಗಿನಿಂದ ಕೂಗಿಯೇ ಬಿಟ್ಟಳು: "ನೀನ್ ಬಂದ್ರೆ ಹೊರಡಾಕಿಲ್ಲ ಅಂತ ಆಯಮ್ಮ ಬರ್ದವ್ಳೆ ಅಂತ ಹೇಳಯ್ಯಾ, ಆನೆ ಮ್ಯಾಲ್ ಯಾಕ್ ಹಾಕ್ತೀಯಾ!"

ಹನುಮಯ್ಯನ ಮುಖ ನೀನು ನೋಡಬೇಕಿತ್ತು. "ಅವ್ಳು ನಿಮ್ಗೆ ಕಾಗ್ದ ಬರೀತಾಳಾ?" ಎಂದ. ಹೌದೆಂದೆ. "ಎಷ್ಟು ದಿನದ್ಲಿಂದ?" ಹೋದ ಸೆಪ್ಟೆಂಬರಿನಿಂದ ಎಂದೆ. "ಏನ್ ಬರೀತಾಳೆ?" ಅದನ್ನು ಹೇಳಲು ನನಗೆ ಮನಸ್ಸಾಗಲಿಲ್ಲ. ಅದು ನನಗೆ ಬಂದ ಕಾಗದ ಎಂದೆ. ಹಾಗೆನ್ನುವಾಗ ಸ್ವಲ್ಪ ಹೆಮ್ಮೆಯೂ ಇತ್ತು, ಸುಳ್ಳು ಯಾಕೆ ಹೇಳಲಿ. ಅವನು ಲೋಟ ಕೆಳಗಿಟ್ಟ. "ನಂಗೆ ಒಂದ್ ಸಾಲೂ ಬರ್ದಿಲ್ಲ" ಎಂದು ಎದ್ದು ಹೋದ. ಎಲೆ ಕಟ್ಟು ಜಗಲಿಯ ಮೇಲೇ ಉಳಿಯಿತು. ಈಚೆಗೆ ಅವನ ಕಾಗದವಿಲ್ಲ. ನಾನು ಬರೆದರೂ ಉತ್ತರವಿಲ್ಲ.

ನೀನು ಗೆದ್ದೆಯೋ ಸೋತೆಯೋ ನನಗೆ ತಿಳಿಯದು. ನಾನಂತೂ ಸೋತೆ. ಪೋಸ್ಟ್‌ಮ್ಯಾನ್ ನಮ್ಮ ಬೀದಿಗೆ ತಿರುಗದೆ ಹೋಗುತ್ತಾನೆ.

ಶ್ಯಾಮಣ್ಣ


ಹೊಸೂರು
೧೮-೪-೧೯೮೨

ಭಾಗ್ಯಾ,

ಏನೆಂದು ಶುರು ಮಾಡಬೇಕೋ ತಿಳಿಯದೆ ಹಲವು ಇನ್‌ಲ್ಯಾಂಡ್ ಲೆಟರ್ ಹರಿದು ಹಾಕಿದೆ. ಇದನ್ನು ಹರಿಯುವುದಿಲ್ಲ, ಹೇಗಿದ್ದರೂ ಕಳಿಸುತ್ತೇನೆ.

ನೀನು ಶ್ಯಾಮಣ್ಣನವರಿಗೆ ಕಾಗದ ಬರೆದೆಯಂತೆ. ನನಗೆ ಯಾಕೆ ಬರೆಯಲಿಲ್ಲ? ಏನು ಬರೆದೆ? ಅವರು ಹೇಳುವುದಿಲ್ಲ. "ಅದು ನಂಗ್ ಬಂದ ಕಾಗ್ದ" ಎಂದು ನನ್ನ ಎದುರಿಗೇ ಮೀಸೆ ಸವರಿಕೊಂಡರು. ಅವತ್ತಿನಿಂದ ಲೇತಿನ ಮುಂದೆ ನಿಂತರೂ ಅದೇ ಯೋಚನೆ. ನಿನ್ನ ಅಕ್ಷರ ಹೇಗಿದೆ ಎಂದೇ ನನಗೆ ಗೊತ್ತಿಲ್ಲ. ಡೆಂಕಣಿಕೋಟೆಯ ಮುದುಕನಿಗೆ ಗೊತ್ತು. ಇದಕ್ಕೆ ಹೊಟ್ಟೆಕಿಚ್ಚು ಎನ್ನುತ್ತಾರಾದರೆ ಎನ್ನಲಿ.

ಆ ರಾಗಿಹಿಟ್ಟಿನ ಕಾಗದ ನೆನಪಿದೆಯೇ? ನೀನು ಬಚ್ಚಿಟ್ಟಿದ್ದೆ ಎಂದು ನೋಡಿದ ಕೂಡಲೇ ಗೊತ್ತಾಯಿತು. ನನಗೆ ಕೋಪ ಬರಲಿಲ್ಲ. ನನ್ನ ಕಾಗದವನ್ನು ಬಚ್ಚಿಡುವಷ್ಟು ನಾನು ಒಬ್ಬರಿಗೆ ಬೇಕಾಗಿದ್ದೇನೆ ಎಂದು ಒಳಗೊಳಗೇ ಖುಷಿಯಾಯಿತು. ಅದನ್ನು ಬಾಯಿಬಿಟ್ಟು ಹೇಗೆ ಹೇಳುವುದು? ನಾನು ಬೆಳೆದದ್ದು ಸೋದರಮಾವನ ಮನೆಯಲ್ಲಿ. ಅಲ್ಲಿ ಬಾಯಿ ತೆರೆದರೆ "ನಿನ್ನ ಯಾವನ್ಲಾ ಕೇಳ್ದೋನು?" ಎನ್ನುತ್ತಿದ್ದರು. ಕಾಗದಕ್ಕೆ ಮುಖವಿಲ್ಲ, ಅದು ಹಾಗೆ ಕೇಳುವುದಿಲ್ಲ. ನಿನಗೆ ಬರೆಯಲು ಕೂತರೆ ಮಾತ್ರ ನಿನ್ನ ಮುಖ ಎದುರಿಗೆ ಬರುತ್ತಿತ್ತು. ಎಲ್ಲವನ್ನೂ ಬರೆಯಬೇಕೆನಿಸಿ ಕೊನೆಗೆ ಚಳಿ ಇದೆ ಎಂದು ಬರೆದೆ.

ಬಸ್ಸಿನಲ್ಲಿ ನೀನು "ಹೋಗ್ತೀನಿ" ಎಂದೆ. ನನಗೆ ಕೇಳಿಸಿತು. ನಿಮ್ಮಪ್ಪ ಎದುರಿಗಿದ್ದರು, ಕಂಡಕ್ಟರು ಸೀಟಿ ಊದಿದ. ಬಸ್ಸಿನ ಹಿಂದೆ ಬಾಗಲೂರು ರಸ್ತೆಯ ತಿರುವಿನವರೆಗೂ ನಡೆದೆ. ನೀನು ತಿರುಗಿ ನೋಡಲಿಲ್ಲ. ಅವತ್ತಿನಿಂದ ನನಗೆ ಅದೊಂದೇ ಲೆಕ್ಕ.

ಶ್ಯಾಮಣ್ಣನವರ ಜೊತೆ ಮಾತು ಬಿಟ್ಟಿದ್ದೇನೆ. ಆದ್ದರಿಂದ ಇದನ್ನು ನಿನಗೇ ಹೇಳಬೇಕು, ಬೇಸರವಾದರೂ ಓದು. ಅಟ್ಲಾಂಟಿಕ್ ಸಮುದ್ರದ ಮೇಲೆ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಜರ್ಮನಿಯ ವಿಮಾನ ಹೋಗುವಾಗ ಎದುರುಗಾಳಿ, ಭಾರವೂ ಹೆಚ್ಚು. ಬಾಂಬು ಇಳಿಸಿದ ಮೇಲೆ ಹಗುರ, ಗಾಳಿಯೂ ಬೆನ್ನಿಗೆ. ಹಿಂದಿರುಗುವುದೇ ಕಷ್ಟ ಎಂದು ನಾನು ಇಷ್ಟು ವರ್ಷ ವಾದ ಮಾಡಿದ್ದೆ. ಹೋಗುವುದಕ್ಕಿಂತ ಬರುವುದು ಸುಲಭವಿತ್ತು. ಇಷ್ಟಾದರೂ ಅವರು ಹೊರಡಲಿಲ್ಲ. ನಾಲ್ಕು ಇಂಜಿನ್ನೋ ಆರು ಇಂಜಿನ್ನೋ, ದ್ವೀಪವೋ ಸಬ್‌ಮೆರಿನ್ನೋ ಎಂದು ನಕ್ಷೆ ಬರೆಯುತ್ತಾ, ಲೆಕ್ಕ ಹಾಕುತ್ತಾ ಕೂತರು. ಅಷ್ಟರಲ್ಲಿ ಅವರ ಊರುಗಳೇ ಸುಟ್ಟುಹೋದವು, ಪೆಟ್ರೋಲೂ ಮುಗಿಯಿತು. ಅವರು ಹೊರಡದೆ ಇದ್ದದ್ದು ಲೋಕಕ್ಕೆ ಒಳ್ಳೆಯದಾಯಿತು. ನಾನು ಹೊರಡದೆ ಕೂತದ್ದು ಯಾರಿಗೆ ಒಳ್ಳೆಯದಾಯಿತು?

ಬರುವ ಭಾನುವಾರ ನಾನೇ ಬರುತ್ತೇನೆ. ನನಗೆ ಹಿರಿಯರಿಲ್ಲ. ಎಲೆ ಅಡಿಕೆ ನನ್ನ ಕೈಯಲ್ಲೇ ಇರುತ್ತದೆ. ಬೀದಿ ನಗಲಿ. ತಡೆದುಕೊಳ್ಳಲು ಆಗಲಿಲ್ಲವೇ ಎಂದು ಯಾರಾದರೂ ಕೇಳಿದರೆ ಆಗಲಿಲ್ಲ ಎನ್ನುತ್ತೇನೆ. ನೀನು ಹೊರಡದಿದ್ದರೆ ಮಗುವನ್ನು ನೋಡಿಕೊಂಡು ಕೊನೆಯ ಬಸ್ಸಿಗೆ ಹಿಂದಿರುಗುತ್ತೇನೆ. ಹೊರಟರೆ, ನಿನ್ನ ಹಳೇ ಚಪ್ಪಲಿ ಇಟ್ಟ ಜಾಗದಲ್ಲೇ ಇದೆ.

ನಿನ್ನ
ಹನುಮಯ್ಯ


ಟೇಕಲ್
೨೧-೪-೧೯೮೨

ನಿಮಗೆ ನಮಸ್ಕಾರ.

ಕಾಗದ ಬಂತು. ಅಪ್ಪ ಕೈ ಚಾಚಿದರು, ನಾನು ಕೊಡಲಿಲ್ಲ. ಹಿತ್ತಿಲಿನ ಹುಣಸೆ ಮರದ ಕೆಳಗೆ ಕೂತು ಓದಿದೆ. ಮಗು ಅಳುತ್ತಿತ್ತು, ಅಮ್ಮ ಕೂಗುತ್ತಿದ್ದರು, ಮುಗಿಯುವವರೆಗೂ ಏಳಲಿಲ್ಲ. ಆಮೇಲೆ ಮಗುವಿಗೆ ಹಾಲು ಕೊಡುತ್ತಾ ಮತ್ತೆ ಓದಿದೆ. ಗಾಳಿಯ ವಿಷಯ ನನಗೆ ಅರ್ಥವಾಯಿತು. ಅರ್ಥವಾಗುವುದಿಲ್ಲ ಎಂದು ಇನ್ನು ಮೇಲೆ ಹೇಳಬೇಡಿ.

ಈ ಭಾನುವಾರ ಬರಬೇಡಿ. ಸಿಟ್ಟಿಲ್ಲ. ಬಂದುಬಿಟ್ಟರೆ ನೀವು ಮತ್ತೆ ಬರೆಯುವುದಿಲ್ಲ, ಬಾಗಿಲಲ್ಲಿ ನಿಂತು "ಹೂಂ" ಎನ್ನುತ್ತೀರಿ. ಶ್ಯಾಮಣ್ಣನವರಿಗೆ ಮೂರು ವರ್ಷ ಬರೆದಿರಿ, ನನಗೆ ಬಂದಿರುವುದು ಒಂದೇ. ಈ ಭಾನುವಾರ ಕೂತು ಇನ್ನೊಂದು ಬರೆಯಿರಿ, ಎಂಟು ಪುಟ. ಅದರ ಮುಂದಿನ ಭಾನುವಾರ ಬನ್ನಿ. ನಾನು ಗಂಟು ಕಟ್ಟಿಟ್ಟುಕೊಂಡಿರುತ್ತೇನೆ. ಎಲೆ ಅಡಿಕೆಯನ್ನು ನನ್ನ ಕೈಗೇ ಕೊಡಿ.

ಇಲ್ಲಿಂದ ಹೊರಡುವಾಗ ಅಮ್ಮನಿಗೆ ಹೇಳಬೇಕಾದ ಹಾಗೆ ಹೋಗಿ ಬರುತ್ತೇನೆ ಎನ್ನುತ್ತೇನೆ. ಹೊಸೂರಿನ ಬಸ್ ಸ್ಟ್ಯಾಂಡಿನಲ್ಲಿ ಉಳಿಸಿಕೊಂಡಿದ್ದ ಅರ್ಧ ಮಾತನ್ನು ನಿಮಗೆ ಮನೆಗೆ ಬಂದು ಹೇಳುತ್ತೇನೆ.

ಶ್ಯಾಮಣ್ಣನವರ ಜೊತೆ ಮಾತು ಬಿಡಬೇಡಿ. ಪಾಪ, ಅವರ ಬೀದಿಗೆ ಪೋಸ್ಟ್‌ಮ್ಯಾನ್ ತಿರುಗುವುದಿಲ್ಲವಂತೆ. ವಿಮಾನದ ವಿಷಯ ಅವರಿಗೆ ಎಷ್ಟು ಬೇಕಾದರೂ ಬರೆಯಿರಿ.

ಬೆಳ್ಳುಳ್ಳಿಯ ವಿಷಯ ನನಗೆ ಮಾತ್ರ.

ಇತಿ ನಿಮ್ಮ,
ಭಾಗ್ಯ